‘ಆಗಲ್ಲ ಮಿಸ್’ ಅಂದಾಗ ಕೇಳಬೇಕಾದ ಪ್ರಶ್ನೆ

ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ಗೆ ನಮ್ಮ ತಂಡದ ಐವರಿಗೆ ಹಲಸೂರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಸಿಕ್ಕಿತ್ತು. 2024ರ ನವೆಂಬರ್ ತಿಂಗಳು. ನನ್ನ ವಿಷಯ ವಿಜ್ಞಾನ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವಳು ನಾನು. ಆರನೇ ತರಗತಿಯ ‘ಆಹಾರದ ಘಟಕಗಳು’ ಪಾಠ ಕೊಟ್ಟಾಗ ಇದಕ್ಕಿಂತ ಸುಲಭದ ಪಾಠ ಇನ್ನೊಂದಿಲ್ಲ ಎಂದುಕೊಂಡೆ. ಪಾಠ ಚೆನ್ನಾಗಿಯೇ ಆಯಿತು. ಆದರೆ ಅದೇ ಪಾಠದಿಂದ ಒಂದು ಮಗು ಆಸ್ಪತ್ರೆಗೆ ಹೋಗಬೇಕಾಯಿತು. ನನ್ನ ಪ್ರತಿಫಲನ ದಿನಚರಿಯಲ್ಲಿ ಆ ದಿನದ ಬಗ್ಗೆ ಆಗ ನಾಲ್ಕೇ ಸಾಲು ಬರೆದಿದ್ದೆ. ಮಾರ್ಗದರ್ಶಕ ಉಪನ್ಯಾಸಕರು ಅದನ್ನು ಓದಿ, ‘ಇದನ್ನು ಪೂರ್ತಿ ಬರಿ, ನಿನ್ನ ನಂತರ ಬರುವವರಿಗೆ ಬೇಕಾಗುತ್ತೆ’ ಅಂದರು. ಅದಕ್ಕೇ ಈ ಬರಹ. ಮಗುವಿನ ಹೆಸರು, ಶಾಲೆಯ ಹೆಸರು ಬರೆದಿಲ್ಲ.

ಆ ಪಾಠದಲ್ಲಿ ಮೂರು ಪರೀಕ್ಷೆಗಳಿವೆ. ಪಿಷ್ಟಕ್ಕೆ ಅಯೋಡಿನ್, ಪ್ರೋಟೀನಿಗೆ ಮೈಲುತುತ್ತ ಮತ್ತು ಕಾಸ್ಟಿಕ್ ಸೋಡಾ ದ್ರಾವಣ, ಕೊಬ್ಬಿಗೆ ಬರೀ ಕಾಗದ. ಕಡಲೆಕಾಯಿ ಬೀಜವನ್ನು ಕಾಗದದಲ್ಲಿ ಸುತ್ತಿ ಜಜ್ಜಿದರೆ ಎಣ್ಣೆಯ ಕಲೆ ಮೂಡುತ್ತದೆ, ಬೆಳಕಿಗೆ ಹಿಡಿದರೆ ಅದರ ಮೂಲಕ ಮಸುಕಾಗಿ ಬೆಳಕು ಕಾಣುತ್ತದೆ. ಮೊದಲ ಎರಡನ್ನು ನಾನೇ ಮಾಡಿ ತೋರಿಸುವುದು, ಮೂರನೆಯದನ್ನು ಮಕ್ಕಳ ಕೈಯಲ್ಲೇ ಮಾಡಿಸುವುದು ಎಂದು 5ಇ ಮಾದರಿಯಲ್ಲಿ ಪಾಠ ಯೋಜನೆ ಬರೆದೆ. ಕಾರ್ತಿಕ ಮಾಸ, ಕಡಲೆಕಾಯಿ ಪರಿಷೆಯ ಕಾಲ. ಬಸವನಗುಡಿಯವರೆಗೆ ಹೋಗಬೇಕಾಗಿರಲಿಲ್ಲ, ಹಲಸೂರು ಸೋಮೇಶ್ವರ ದೇವಸ್ಥಾನದ ಹತ್ತಿರ ತಳ್ಳುಗಾಡಿಯಲ್ಲೇ ಹಸಿ, ಹುರಿದ ಎರಡೂ ಸಿಗುತ್ತಿತ್ತು. ಹುರಿದದ್ದು ಅರ್ಧ ಕೆ.ಜಿ. ಕಟ್ಟಿಸಿಕೊಂಡೆ. ‘ಬೋಧನೋಪಕರಣಗಳು’ ಕಾಲಂನಲ್ಲಿ ‘ಕಡಲೆಕಾಯಿ, ಬಿಳಿ ಕಾಗದ’ ಎಂದು ಬರೆದೆ. ಯೋಜನೆಗೆ ಸಹಿಯೂ ಆಯಿತು.

ಗುಂಪುಗಳಾಗಿ ಕೂತ ಮಕ್ಕಳು ಸಂಭ್ರಮದಿಂದ ಜಜ್ಜತೊಡಗಿದರು. ಕಿಟಕಿಯ ಪಕ್ಕದ ಗುಂಪಿನಲ್ಲಿ ಒಬ್ಬ ಹುಡುಗಿ ಕೈಗಳನ್ನು ಹಿಂದೆ ಕಟ್ಟಿಕೊಂಡು ಸ್ವಲ್ಪ ದೂರ ಸರಿದು ಕೂತಿದ್ದಳು. ನಾಚಿಕೆ ಸ್ವಭಾವದ ಹುಡುಗಿ, ಮನೆಮಾತು ತಮಿಳು, ಕನ್ನಡ ಬರುತ್ತದೆ ಆದರೆ ತರಗತಿಯಲ್ಲಿ ಬಾಯಿ ಬಿಡುವುದು ಕಡಿಮೆ. ‘ಎಲ್ಲ ಮಕ್ಕಳ ಭಾಗವಹಿಸುವಿಕೆ’ ನನ್ನ ವೀಕ್ಷಣಾ ನಮೂನೆಯಲ್ಲಿ ಅಂಕವಿರುವ ಅಂಶ. ಹಿಂದಿನ ಬೆಂಚಿನಲ್ಲಿ ಸಹಪಾಠಿ ವೀಕ್ಷಕಿ ಪೆನ್ನು ಹಿಡಿದು ಕೂತಿದ್ದಳು. ನಾನು ಅವಳ ಹತ್ತಿರ ಹೋಗಿ, ‘ಯಾಕಮ್ಮ, ನೀನೂ ಮಾಡು’ ಅಂದೆ.

‘ನಂಗೆ ಕಡ್ಲೆಕಾಯಿ ಆಗಲ್ಲ ಮಿಸ್.’

‘ಏನೂ ಆಗಲ್ಲ, ಮಾಡು’ ಅಂದೆ.

ಅವಳು ಜಜ್ಜಿದಳು. ಕಾಗದ ಎತ್ತಿ ಹಿಡಿದಳು. ನಾನು ‘ಗುಡ್’ ಅಂದೆ. ಪಾಠದ ಕೊನೆಗೆ ಉಳಿದ ಕಡಲೆಕಾಯಿಯನ್ನು ಎಲ್ಲರಿಗೂ ಹಂಚಿದೆ. ಅವಳ ಕೈಗೂ ನಾಲ್ಕು ಹಾಕಿ, ‘ತಿನ್ನು, ಒಳ್ಳೇದು, ಪ್ರೋಟೀನ್ ಇದೆ ಅಂತ ಈಗ ತಾನೇ ನೋಡಿದೆವಲ್ಲ’ ಅಂದೆ. ಅವಳು ನನ್ನ ಮುಖ ನೋಡಿಕೊಂಡೇ ಒಂದು ಬೀಜ ಬಾಯಿಗೆ ಹಾಕಿಕೊಂಡಳು.

ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಮುಂದಿನ ಅವಧಿಯ ಗಣಿತ ಮೇಷ್ಟ್ರು ಬರುವ ಹೊತ್ತಿಗೆ ಅವಳು ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು. ತುಟಿ ಊದಿತ್ತು. ತೋಳಿನ ಮೇಲೆ ದದ್ದು ಎದ್ದಿತ್ತು, ನಮ್ಮ ಮನೆಗಳಲ್ಲಿ ಪಿತ್ತದ ಗಂಧೆ ಅನ್ನುತ್ತಾರಲ್ಲ, ಹಾಗೆ. ಮೊದಲು ಕೆಮ್ಮಿದಳು, ಆಮೇಲೆ ಬಾಗಿಲ ಬಳಿ ವಾಂತಿ ಮಾಡಿಕೊಂಡಳು. ಬೇರೆ ಮಕ್ಕಳು ‘ಮಿಸ್, ಬಿಸಿಲಿಗೆ ಹಂಗಾಗಿದೆ’ ಅಂದರು. ಒಬ್ಬರು ನೀರು ಕುಡಿಸಿ ಅಂದರು, ಇನ್ನೊಬ್ಬರು ಅಲರ್ಜಿ ಮಾತ್ರೆ ಇದ್ದರೆ ಕೊಡಿ ಅಂದರು. ಅವಳು ಏನೋ ಹೇಳಲು ಹೋದಳು, ದನಿ ಒಡೆದು ಗೊಗ್ಗರಾಗಿತ್ತು.

ಆಗ ವಿಷಯ ಗೊತ್ತಿದ್ದವರು ಒಬ್ಬರೇ. ಬಿಸಿಯೂಟದ ಅಕ್ಕ. ಆ ಶಾಲೆಗೆ ಊಟ ಹೊರಗಿನಿಂದ ವ್ಯಾನಿನಲ್ಲಿ ಬರುತ್ತದೆ; ಮೊಟ್ಟೆ ಬೇಯಿಸಿ ಬಡಿಸುವುದು ಅವರ ಕೆಲಸ. ಗಲಾಟೆ ಕೇಳಿ ಓಡಿ ಬಂದವರು ಮಗುವಿನ ಮುಖ ನೋಡಿದ ತಕ್ಷಣ, ‘ಅಯ್ಯೋ, ಇವಳಿಗೆ ಯಾರು ಕಡ್ಲೆಕಾಯಿ ಕೊಟ್ಟಿದ್ದು? ನಾನು ಇವಳಿಗೆ ಚಿಕ್ಕಿ ಕೊಡೋದೇ ಇಲ್ಲ, ಬಾಳೆಹಣ್ಣೇ ಕೊಡೋದು’ ಅಂದರು. ‘ನಾನೇ ಕೊಟ್ಟೆ’ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮುಖ್ಯೋಪಾಧ್ಯಾಯಿನಿ ಮೇಡಂ ಒಂದು ಕ್ಷಣವೂ ತಡಮಾಡಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಆಟೋದಲ್ಲಿ ಅವರು, ಮಗು, ನಾನು. ಮೊದಲ ಮಹಡಿಯಿಂದ ಮೆಟ್ಟಿಲು ಇಳಿಸಿ, ಅಂಗಳ ದಾಟಿಸಿ ಅವಳನ್ನು ನಡೆಸಿಕೊಂಡೇ ಹೋದೆವು. ಅದೂ ತಪ್ಪು ಎಂದು ಆಮೇಲೆ ತಿಳಿಯಿತು.

ಹತ್ತಿರದ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆ ಕೇಳಿದ್ದು ಎರಡೇ ಪ್ರಶ್ನೆ: ಏನು ತಿಂದಳು, ಎಷ್ಟು ಹೊತ್ತಾಯಿತು? ತೊಡೆಯ ಹೊರಬದಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು, ಆಮ್ಲಜನಕ ಹಾಕಿದರು. ಕೆಲವೇ ನಿಮಿಷಗಳಲ್ಲಿ ಉಸಿರಾಟ ಹದಕ್ಕೆ ಬಂತು. ಒಮ್ಮೆ ಇಳಿದ ಲಕ್ಷಣ ಕೆಲವು ಗಂಟೆಗಳ ನಂತರ ಮತ್ತೆ ಬರಬಹುದೆಂದು ಆ ರಾತ್ರಿ ಅಲ್ಲೇ ಇರಿಸಿಕೊಂಡು ಮರುದಿನ ಮನೆಗೆ ಕಳಿಸಿದರು.

ಅನಾಫಿಲ್ಯಾಕ್ಸಿಸ್. ಪದವಿಯಲ್ಲಿ ರೋಗನಿರೋಧಕ ಶಾಸ್ತ್ರದ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದು ಅಂಕ ತೆಗೆದುಕೊಂಡಿದ್ದೇನೆ. ದೇಹ ಆಹಾರದ ಒಂದು ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ತಿಳಿದು ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಂಡಿರುತ್ತದೆ. ಮತ್ತೆ ಅದೇ ಪ್ರೋಟೀನ್ ಒಳಗೆ ಬಂದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಸುರಿಯುತ್ತವೆ. ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ, ಶ್ವಾಸನಾಳ ಬಿಗಿಯುತ್ತದೆ, ರಕ್ತದೊತ್ತಡ ಕುಸಿಯಬಹುದು. ಇದೆಲ್ಲ ಗೊತ್ತಿತ್ತು. ಆದರೆ ಆ ಗೊತ್ತಿದ್ದದ್ದು ‘ಆಗಲ್ಲ ಮಿಸ್’ ಎಂಬ ವೇಷದಲ್ಲಿ ಎದುರಿಗೆ ಬಂದು ನಿಂತಾಗ ನನಗೆ ಗುರುತು ಸಿಗಲಿಲ್ಲ.

ಆ ಮಾತಿನ ಬಗ್ಗೆಯೇ ನಾನು ಹೆಚ್ಚು ಯೋಚಿಸಿದ್ದು. ಕನ್ನಡದಲ್ಲಿ ‘ಆಗಲ್ಲ’ ಎಷ್ಟೊಂದು ಅರ್ಥಕ್ಕೆ ಬರುತ್ತದೆ! ಬೆಟ್ಟ ಹತ್ತಲು ಆಗಲ್ಲ. ನನಗೂ ಅವಳಿಗೂ ಆಗಲ್ಲ. ಹಾಗಲಕಾಯಿ ಆಗಲ್ಲ, ಅಂದರೆ ಇಷ್ಟವಿಲ್ಲ. ಸೋಮವಾರ ಮೊಟ್ಟೆ ಆಗಲ್ಲ, ಅಂದರೆ ವ್ರತ. ಪಪ್ಪಾಯಿ ಆಗಲ್ಲ, ಅಂದರೆ ಉಷ್ಣ. ಬದನೆಕಾಯಿ ಆಗಲ್ಲ, ಅಂದರೆ ನಂಜು. ಕಡಲೆಕಾಯಿ ಆಗಲ್ಲ, ಅಂದರೆ ಉಸಿರು ನಿಲ್ಲುತ್ತದೆ. ಇಷ್ಟವಿಲ್ಲ ಎಂಬುದಕ್ಕೂ ಜೀವಕ್ಕೆ ಅಪಾಯ ಎಂಬುದಕ್ಕೂ ಮಗುವಿನ ಬಾಯಲ್ಲಿ ಒಂದೇ ಪದ. ದಂಡು ಪ್ರದೇಶದ ನಮ್ಮ ಶಾಲೆಗಳಲ್ಲಿ ಇದು ಇನ್ನೂ ತೊಡಕು. ತಮಿಳು ಮನೆಯಲ್ಲಿ ‘ಒತ್ತುಕ್ಕಾದು’ ಅನ್ನುತ್ತಾರೆ. ಶಿವಾಜಿನಗರದ ಉರ್ದು ಮಾತಿನ ಮನೆಯಲ್ಲಿ ‘ಪರ್ಹೇಜ್’ ಅನ್ನುತ್ತಾರೆ, ಅದು ಪಥ್ಯಕ್ಕೂ ಸಲ್ಲುತ್ತದೆ. ಇವೆಲ್ಲ ತರಗತಿಗೆ ಬರುವಾಗ ಒಂದೇ ‘ಆಗಲ್ಲ’ ಆಗಿ ಬರುತ್ತವೆ. ಅದಕ್ಕೆ ನಾನು ಕೊಟ್ಟ ಉತ್ತರವೂ ‘ಏನೂ ಆಗಲ್ಲ’! ಅವಳ ‘ಆಗಲ್ಲ’ ಅನುಭವದಿಂದ ಬಂದದ್ದು, ನನ್ನದು ಅಭ್ಯಾಸಬಲದಿಂದ ಬಂದದ್ದು.

ನಾನು ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ: ‘ತಿಂದರೆ ಏನಾಗುತ್ತೆ?’ ಅವಳು ಹೇಳುತ್ತಿದ್ದಳು. ‘ಬಾಯಿ ಊದುತ್ತೆ, ಉಸಿರು ಕಟ್ಟುತ್ತೆ’ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟವಿಲ್ಲದ ಮಗು ‘ಕಹಿ’ ಅನ್ನುತ್ತದೆ, ವ್ರತದ ಮಗು ‘ಮನೇಲಿ ಬೈತಾರೆ’ ಅನ್ನುತ್ತದೆ, ಹಾಲು ಜೀರ್ಣವಾಗದ ಮಗು ‘ಹೊಟ್ಟೆ ಉಬ್ಬರಿಸುತ್ತೆ’ ಅನ್ನುತ್ತದೆ. ಪೂರ್ತಿ ರೋಗನಿರ್ಣಯ ವೈದ್ಯರ ಕೆಲಸ. ಆದರೆ ಯಾವ ‘ಆಗಲ್ಲ’ದ ಮುಂದೆ ನಾವು ಕೈ ಹಿಂದೆಗೆಯಬೇಕು ಎಂದು ತಿಳಿಯಲು ಈ ಎರಡು ಪದ ಸಾಕು.

ಮೂರನೇ ದಿನ ಮೇಡಂ ಜೊತೆ ಜೋಗುಪಾಳ್ಯದ ಅವಳ ಮನೆಗೆ ಹೋದೆ. ತಾಯಿ ಇಂದಿರಾನಗರದಲ್ಲಿ ಮನೆಕೆಲಸಕ್ಕೆ ಹೋಗುವವರು. ಅಂದು ರಜೆ ಹಾಕಿದ್ದರು. ಬೈಯುತ್ತಾರೆ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಅವರು ಸ್ಟೂಲ್ ಕೊಟ್ಟು ಕೂರಿಸಿ, ಟೀ ಕೊಟ್ಟರು. ‘ತಪ್ಪು ನನ್ನದು ಅಮ್ಮಾ, ಅವಳು ಹೇಳಿದಳು, ನಾನು ಕೇಳಲಿಲ್ಲ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಿಸ್ ಏನು ಹೇಳಿದ್ರೂ ಮಾಡಬೇಕು, ಎದುರು ಮಾತಾಡಬಾರದು ಅಂತ ನಾನೇ ಹೇಳಿಕೊಟ್ಟಿದ್ದೆ ಟೀಚರ್. ಅದಕ್ಕೇ ತಿಂದಿದಾಳೆ’ ಅಂದರು. ಬೈದಿದ್ದರೆ ಸುಲಭವಾಗಿರುತ್ತಿತ್ತು.

ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಕಡಲೆಕಾಯಿ ಚಟ್ನಿ ತಿಂದು ಹೀಗೇ ಆಗಿತ್ತಂತೆ. ಒಂದನೇ ತರಗತಿಗೆ ಸೇರಿಸುವಾಗ ಆಗಿನ ಶಿಕ್ಷಕಿಗೆ ತಾಯಿ ಹೇಳಿದ್ದರು. ಅವರು ಎಚ್ಚರಿಕೆಯಿಂದಲೇ ನೋಡಿಕೊಂಡರು. ಆಮೇಲೆ ಅವರಿಗೆ ವರ್ಗವಾಯಿತು. ಅವರ ಜೊತೆ ಆ ಮಾಹಿತಿಯೂ ಹೋಯಿತು. ಅಡುಗೆ ಅಕ್ಕ ಅಲ್ಲೇ ಉಳಿದಿದ್ದರಿಂದ ಅವರಲ್ಲಿ ಮಾತ್ರ ಉಳಿಯಿತು. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಜಾತಿ, ಜನ್ಮದಿನಾಂಕ, ಆಧಾರ್ ಎಲ್ಲ ಇತ್ತು. ಅವಳ ಜೀವಕ್ಕೆ ಬೇಕಾದ ಒಂದು ಸಾಲು ಇರಲಿಲ್ಲ. ನಾವು ಇಂಟರ್ನ್‌ಗಳು ಮೊದಲ ವಾರ ಶಾಲೆಯ ಎಲ್ಲ ದಾಖಲೆ ನೋಡಿ ವರದಿ ಬರೆದಿದ್ದೆವು. ಅಡುಗೆ ಕೋಣೆಗೆ ಹೋಗಿ ಅಕ್ಕನ ಹತ್ತಿರ ಐದು ನಿಮಿಷ ಮಾತಾಡಿರಲಿಲ್ಲ.

ಇಂಥ ಮಕ್ಕಳು ಎಷ್ಟು ಮಂದಿ ಇರುತ್ತಾರೆ ಎಂಬ ಪ್ರಶ್ನೆ ಸಹಜ. ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ಅಧ್ಯಯನ ನಡೆದಿದೆ. ಯೂರೋಪ್ರಿವಾಲ್-ಇಂಕೋ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾರತದ ಭಾಗವನ್ನು ಕರ್ನಾಟಕದಲ್ಲಿ ಮಾಡಿದರು, ಮೈಸೂರಿನ ಡಾ. ಪಿ.ಎ. ಮಹೇಶ್ ಅದರಲ್ಲಿ ಮುಖ್ಯರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಭಾರತದ ಶಾಲಾ ಮಕ್ಕಳಲ್ಲಿ ಆಹಾರ ಅಲರ್ಜಿ ಇರಬಹುದಾದವರು ಶೇ. 0.14, ಅದೇ ಅಧ್ಯಯನದಲ್ಲಿ ಹಾಂಗ್‌ಕಾಂಗ್ ಮಕ್ಕಳಲ್ಲಿ ಶೇ. 1.5. ನಮ್ಮಲ್ಲಿ ಕಡಿಮೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಸುಮಾರು 700 ಮಕ್ಕಳಿಗೆ ಒಬ್ಬರು. 30 ವರ್ಷದ ಸೇವೆಯಲ್ಲಿ ಒಬ್ಬ ವಿಷಯ ಶಿಕ್ಷಕಿಗೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಸಿಗುತ್ತಾರೆ. ಅಂದರೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಸೇವಾವಧಿಯಲ್ಲಿ ಇಂಥ ಎರಡು ಮೂರು ಮಕ್ಕಳು ಸಿಗುವ ಸಂಭವವಿದೆ. ನನಗೆ ಇಂಟರ್ನ್‌ಶಿಪ್ಪಿನಲ್ಲೇ ಸಿಕ್ಕಿದಳು. ಅಪರೂಪ ಎಂಬ ಕಾರಣಕ್ಕೇ ಇದು ಹೆಚ್ಚು ಅಪಾಯ: ಯಾರೂ ಅದನ್ನು ನಿರೀಕ್ಷಿಸಿರುವುದಿಲ್ಲ.

ಇನ್ನೊಂದು ಕಡೆ, ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಗುವಿನ ಕೈಗೆ ಆಹಾರ ಕೊಡುವವರು ನಾವೇ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು, 2024ರ ಫೆಬ್ರವರಿಯಿಂದ ಹಾಲಿಗೆ ಬೆರೆಸುವ ರಾಗಿ ಮಾಲ್ಟ್, ಅದೇ ವರ್ಷದ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ. ಹಸಿದು ಬರುವ ಮಕ್ಕಳಿಗೆ ಇದೆಲ್ಲ ಎಷ್ಟು ದೊಡ್ಡದು ಎಂಬುದನ್ನು ಮಧ್ಯಾಹ್ನದ ಗಂಟೆ ಹೊಡೆದಾಗ ಕಣ್ಣಾರೆ ನೋಡಿದ್ದೇನೆ. ಹಾಲು, ಮೊಟ್ಟೆ, ಕಡಲೆಕಾಯಿ: ಬಹುತೇಕ ಮಕ್ಕಳಿಗೆ ಇವು ಬಲ, ಎಲ್ಲೋ ಒಂದು ಮಗುವಿಗೆ ಮಾತ್ರ ಅಪಾಯ. ಆದ್ದರಿಂದ ನಿಷೇಧ ಉತ್ತರವಲ್ಲ. ಬಡವರ ಬಾದಾಮಿ ಅನ್ನಿಸಿಕೊಂಡ ಕಡಲೆಕಾಯಿಯನ್ನು 700 ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕಾಗಿಲ್ಲ. ಚಿಕ್ಕಿ ವಿತರಣೆ 2025ರ ಆರಂಭದಲ್ಲಿ ನಿಂತಿತು, ಆದರೆ ಅದು ಸಕ್ಕರೆ, ಕೊಬ್ಬಿನಂಶ, ದಾಸ್ತಾನಿನ ಕಾರಣಕ್ಕೆ. ಅದು ನಿಂತ ಮಾತ್ರಕ್ಕೆ ನನ್ನ ಪಾಠದ ಕಡಲೆಕಾಯಿ ನಿಲ್ಲುತ್ತಿರಲಿಲ್ಲವಲ್ಲ.

ಬಿಸಿಯೂಟ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ತೀರಿಕೊಂಡ ಮೇಲೆ ಈ ನಿಯಮದ ಬೆಲೆ ಎಲ್ಲರಿಗೂ ಗೊತ್ತು. ಹಲಸೂರಿನ ಶಾಲೆಯಲ್ಲೂ ದಿನಾ ರುಚಿ ನೋಡಿ ಸಹಿ ಹಾಕುತ್ತಿದ್ದರು. ಆದರೆ ರುಚಿ ನೋಡುವುದರಿಂದ ತಿಳಿಯುವುದು ಈ ಊಟ ಎಲ್ಲರಿಗೂ ಒಳ್ಳೆಯದೇ ಎಂಬುದಷ್ಟೆ. ಈ ಊಟ ಈ ಮಗುವಿಗೆ ಒಳ್ಳೆಯದೇ ಎಂಬುದನ್ನು ನಾಲಿಗೆ ಹೇಳುವುದಿಲ್ಲ. ಅದಕ್ಕೆ ಮಗುವನ್ನೇ ಕೇಳಬೇಕು.

ಹೊರದೇಶದ ಒಂದು ಪ್ರಸಂಗ ಇಲ್ಲಿ ಹೇಳಬೇಕು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2003ರಲ್ಲಿ ಸಬ್ರೀನಾ ಶ್ಯಾನನ್ ಎಂಬ 13 ವರ್ಷದ ಹುಡುಗಿ ಶಾಲೆಯ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಫ್ರೈ ತಿಂದಳು. ಅವಳಿಗೆ ಹಾಲಿನ ಪದಾರ್ಥದ ಅಲರ್ಜಿ. ಚೀಸ್ ಮುಟ್ಟಿದ ಇಕ್ಕಳದಿಂದಲೇ ಫ್ರೈ ಬಡಿಸಿರಬೇಕೆಂದು ನಂಬಲಾಗಿದೆ. ಅವಳ ಅಡ್ರಿನಲಿನ್ ಇಂಜೆಕ್ಷನ್ ಲಾಕರಿನಲ್ಲಿತ್ತು, ಸಕಾಲಕ್ಕೆ ಕೈಗೆ ಸಿಗಲಿಲ್ಲ. ಮಗು ಉಳಿಯಲಿಲ್ಲ. 2005ರಲ್ಲಿ ಅಲ್ಲಿನ ಶಾಸನಸಭೆ ಅವಳ ಹೆಸರಿನಲ್ಲೇ ಕಾನೂನು ಮಾಡಿತು. ಪ್ರತಿ ಶಾಲೆಯಲ್ಲೂ ಅಂಥ ಮಗುವಿಗೆ ಒಂದು ಲಿಖಿತ ಯೋಜನೆ ಇರಬೇಕು, ಸಿಬ್ಬಂದಿಗೆ ತರಬೇತಿ ಇರಬೇಕು. ಆ ದೇಶದಲ್ಲಿ ಪೆನ್ನಿನಂಥ ಸಿದ್ಧ ಇಂಜೆಕ್ಷನ್ ಸಿಗುತ್ತದೆ, ನಮ್ಮ ಹಲಸೂರಿನ ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತು ಅದಲ್ಲ. ಆದರೆ ಲಿಖಿತ ಯೋಜನೆಗೆ ಬೇಕಾದದ್ದು ಒಂದು ಹಾಳೆ, ತರಬೇತಿಗೆ ಬೇಕಾದದ್ದು ಅರ್ಧ ಗಂಟೆ. ಇವೆರಡೂ ನಮ್ಮ ಹತ್ತಿರ ಇವೆ.

ಆ ಹಾಳೆಯನ್ನು ಮೇಡಂ, ತಾಯಿ, ಅಡುಗೆ ಅಕ್ಕ ಮತ್ತು ನಾನು ಕೂತು ಬರೆದೆವು. ಮಗುವಿಗೆ ಏನು ಆಗಲ್ಲ, ತಿಂದರೆ ಏನಾಗುತ್ತದೆ, ಆದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು. ‘ಏನು ಮಾಡಬೇಕು’ ಎಂಬ ಭಾಗವನ್ನು ಆಸ್ಪತ್ರೆಯ ವೈದ್ಯೆಯೇ ಹೇಳಿ ಬರೆಸಿದರು. ದದ್ದು, ತುಟಿ ಊತದ ಜೊತೆಗೆ ಕೆಮ್ಮು, ಉಬ್ಬಸ, ದನಿ ಬದಲಾವಣೆ, ವಾಂತಿ, ತಲೆಸುತ್ತು ಬಂದರೆ ಕಾಯಬಾರದು. 108ಕ್ಕೆ ಕರೆ ಮಾಡಬೇಕು. ಕೈಯಲ್ಲೇ ವಾಹನ ಇದ್ದು ಆಸ್ಪತ್ರೆ ಹತ್ತಿರವಿದ್ದರೆ ಕೂಡಲೇ ಹೊರಡಬೇಕು. ಮಗುವನ್ನು ನಡೆಸಬಾರದು, ಎತ್ತಿಕೊಂಡು ಹೋಗಬೇಕು. ಮಲಗಿಸಿ ಕಾಲು ಸ್ವಲ್ಪ ಮೇಲಿರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂರಲು ಬಿಡಬೇಕು, ಥಟ್ಟನೆ ಎಬ್ಬಿಸಿ ನಿಲ್ಲಿಸಬಾರದು. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಬಿಗಿದ ಶ್ವಾಸನಾಳಕ್ಕೂ ಕುಸಿದ ರಕ್ತದೊತ್ತಡಕ್ಕೂ ಅದು ಔಷಧವಲ್ಲ. ಅದನ್ನು ನುಂಗಿಸಿ ಕಾದು ನೋಡುವುದೇ ದೊಡ್ಡ ಅಪಾಯ. ಆಸ್ಪತ್ರೆಯಲ್ಲಿ ಮೊದಲ ವಾಕ್ಯದಲ್ಲೇ ‘ಇದನ್ನು ತಿಂದಿದ್ದಾಳೆ, ಇಷ್ಟು ನಿಮಿಷ ಆಯಿತು’ ಎಂದು ಹೇಳಬೇಕು. ಹಾಳೆಯ ಒಂದು ಪ್ರತಿ ಹಾಜರಿ ಪುಸ್ತಕದ ರಟ್ಟಿನ ಒಳಗೆ, ಒಂದು ಅಡುಗೆ ಕೋಣೆಯಲ್ಲಿ, ಒಂದು ಮನೆಯಲ್ಲಿ. ವರ್ಗವಾಗುವ ಶಿಕ್ಷಕರ ಜೊತೆ ಇನ್ನು ಮಾಹಿತಿ ಹೋಗುವುದಿಲ್ಲ.

ಎರಡು ವಾರದ ನಂತರ ಅದೇ ತರಗತಿಗೆ ಅದೇ ಕೊಬ್ಬಿನ ಪರೀಕ್ಷೆಯನ್ನು ಮತ್ತೆ ಮಾಡಿಸಿದೆ. ಈ ಸಲ ಮನೆಯಿಂದ ತಂದ ಸೂರ್ಯಕಾಂತಿ ಎಣ್ಣೆಯ ಒಂದು ಹನಿ, ಪಕ್ಕದಲ್ಲಿ ಒಂದು ಹನಿ ನೀರು. ಒಣಗಿದ ಮೇಲೆ ನೀರಿನ ಕಲೆ ಹೋಯಿತು, ಎಣ್ಣೆಯದು ಉಳಿಯಿತು. ಹೋಲಿಕೆಗೆ ನೀರು ಇದ್ದದ್ದರಿಂದ ಪ್ರಯೋಗ ಮೊದಲಿಗಿಂತ ಚೆನ್ನಾಗಿಯೇ ಇತ್ತು. ತಿನ್ನುವ ವಸ್ತು ಏನೂ ಹಂಚಲಿಲ್ಲ. ಪಾಠದ ವಿಸ್ತರಣೆಗೆ ಮಕ್ಕಳಿಂದ ಬಿಸ್ಕತ್ತು, ಚಾಕೊಲೇಟು, ಮಿಕ್ಸ್ಚರ್‌ಗಳ ಖಾಲಿ ಪೊಟ್ಟಣ ತರಿಸಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜ, ಸೋಯಾ ಇವು ಇದ್ದರೆ ಪೊಟ್ಟಣದ ಮೇಲೆ ಬೇರೆಯಾಗಿ ಹೇಳಲೇಬೇಕು. ಮಕ್ಕಳು ಸಣ್ಣ ಅಕ್ಷರದ ಆ ಸಾಲನ್ನು ಹುಡುಕುವುದೇ ಒಂದು ಆಟವಾಯಿತು. ಆ ಹುಡುಗಿ ಎಲ್ಲರಿಗಿಂತ ಮೊದಲು ಹುಡುಕುತ್ತಿದ್ದಳು. ಒಂದು ಪೊಟ್ಟಣ ಎತ್ತಿ, ‘ಇದು ನಂಗೆ ಆಗಲ್ಲ’ ಅಂದಳು. ಪಕ್ಕದ ಹುಡುಗ ‘ತಿಂದ್ರೆ ಏನಾಗುತ್ತೆ?’ ಎಂದು ಕೇಳಿದ. ಅವಳು ತರಗತಿಗೆಲ್ಲ ಕೇಳುವಂತೆ ಹೇಳಿದಳು. ಅಲ್ಲಿಯವರೆಗೆ ಅವಳ ದನಿ ಅಷ್ಟು ದೊಡ್ಡದಾಗಿ ನಾನು ಕೇಳಿರಲಿಲ್ಲ.

ಇಲ್ಲೊಂದು ಇಕ್ಕಟ್ಟೂ ಇತ್ತು. ಹಂಚಿ ತಿನ್ನು ಎಂದು ಕಲಿಸುವವರು ನಾವೇ. ಯಾರದಾದರೂ ಹುಟ್ಟುಹಬ್ಬ ಬಂದರೆ ತರಗತಿಗೆಲ್ಲ ಚಾಕೊಲೇಟು. ತೆಗೆದುಕೊಳ್ಳದಿದ್ದರೆ ‘ಜಂಬ’ ಅನ್ನುತ್ತಾರೆ. ಅಲರ್ಜಿ ಇರುವ ಮಗುವಿಗೆ ಹಂಚಿ ತಿನ್ನಬೇಡ ಎಂದರೆ ಅವಳು ಒಬ್ಬಳೇ ಒಂದು ಮೂಲೆಯಲ್ಲಿ ಕೂರಬೇಕಾಗುತ್ತದೆ. ಹಾಗಾಗಬಾರದೆಂದು ತರಗತಿಯ ಮಕ್ಕಳೇ ಸೇರಿ ಒಂದು ಮಾತು ಮಾಡಿಕೊಂಡರು: ‘ಕೇಳಿ ಹಂಚು.’ ಕೊಡುವ ಮೊದಲು ಕೇಳುವುದು, ಬೇಡ ಅಂದರೆ ಒತ್ತಾಯ ಮಾಡದಿರುವುದು. ಊಟಕ್ಕೆ ಮೊದಲೂ ನಂತರವೂ ಕೈ ಸೋಪಿನಿಂದ ತೊಳೆಯುವುದು. ಅವಳು ಈಗಲೂ ಗೆಳತಿಯರ ಸಾಲಿನಲ್ಲೇ ಕೂತು ಊಟ ಮಾಡುತ್ತಾಳೆ.

ಜನವರಿಯಲ್ಲಿ ಉಳಿದ ವಾರಗಳ ಇಂಟರ್ನ್‌ಶಿಪ್‌ಗೆ ಕೆ.ಆರ್. ಪುರದ ಕಡೆಯ ಇನ್ನೊಂದು ಶಾಲೆಗೆ ಹೋದೆ. ಮೊದಲ ದಿನವೇ ಅಡುಗೆ ಕೋಣೆಗೆ ಹೋಗಿ ಅಲ್ಲಿನ ಅಕ್ಕಂದಿರ ಪರಿಚಯ ಮಾಡಿಕೊಂಡೆ. ನನಗೆ ಕೊಟ್ಟ ಏಳನೇ ತರಗತಿಯಲ್ಲಿ, ‘ಯಾರಿಗಾದರೂ ಯಾವುದಾದರೂ ತಿಂಡಿ ಆಗಲ್ಲವಾ?’ ಎಂದು ಕೇಳಿದಾಗ ಒಂಬತ್ತು ಕೈ ಎದ್ದವು. ಎಲ್ಲರೆದುರು ಹೇಳಲು ಸಂಕೋಚವಾಗಬಹುದೆಂದು ಒಬ್ಬೊಬ್ಬರನ್ನೇ ಕರೆದು ‘ತಿಂದರೆ ಏನಾಗುತ್ತೆ?’ ಎಂದು ಕೇಳಿದೆ. ಹಾಗಲಕಾಯಿ ಕಹಿ. ಉಪ್ಪಿಟ್ಟು ಬೇಜಾರು. ಶನಿವಾರ ಮೊಟ್ಟೆ ತಿಂದರೆ ಅಜ್ಜಿ ಬೈತಾರೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು. ಬದನೆಕಾಯಿ ತಿಂದರೆ ನಾಲಿಗೆ ತುರಿಕೆ. ಒಂಬತ್ತನೆಯವನು ಮೆಲ್ಲಗೆ, ‘ಸಿಗಡಿ ತಿಂದ್ರೆ ಕಣ್ಣು ಮುಚ್ಚೋಗುತ್ತೆ ಮಿಸ್, ಒಂದ್ಸಲ ಉಸಿರೇ ಬರಲಿಲ್ಲ’ ಅಂದ. ಅವನ ತರಗತಿ ಶಿಕ್ಷಕರಿಗೆ ಅದು ಗೊತ್ತಿರಲಿಲ್ಲ. ಬಿಸಿಯೂಟದಲ್ಲಿ ಸಿಗಡಿ ಇರುವುದಿಲ್ಲ, ಆದರೆ ಗೆಳೆಯರ ಡಬ್ಬಿಯಲ್ಲಿ ಇರಬಹುದು. ಅವತ್ತೇ ಮುಖ್ಯೋಪಾಧ್ಯಾಯರಿಗೆ ಹೇಳಿ ತಂದೆಯನ್ನು ಕರೆಸಿದೆವು. ವೈದ್ಯರಿಗೆ ತೋರಿಸಲು ಅವರು ಒಪ್ಪಿದರು. ಎಂಟು ‘ಆಗಲ್ಲ’ಗಳ ನಡುವೆ ಒಂದು ಬೇರೆಯದಿತ್ತು. ಕೇಳಿದ್ದಕ್ಕೆ ಸಿಕ್ಕಿತು.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ‘ಬೋಧನೋಪಕರಣಗಳು’ ಎಂಬುದರ ಕೆಳಗೆ ನಾನೀಗ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿಕೊಳ್ಳುತ್ತೇನೆ: ‘ತಿನ್ನುವ ವಸ್ತು ಇದೆಯೇ? ಯಾರಿಗೆ ಆಗಲ್ಲ? ತಿಂದರೆ ಏನಾಗುತ್ತೆ?’ ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿಹಿಟ್ಟು ವಿಜ್ಞಾನದ ಪಾಠಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗಣಿತದಲ್ಲಿ ಎಣಿಸಲು ಕಾಳು, ಭಾಷೆಯ ಪಾಠದಲ್ಲಿ ಹಬ್ಬದ ತಿಂಡಿ, ಬಹುಮಾನಕ್ಕೆ ಚಾಕೊಲೇಟು. ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳ ನಮೂನೆಯಲ್ಲಿ ಈ ಸಾಲು ಅಚ್ಚಾಗಿಯೇ ಬರಲಿ ಎಂದು ಉಪನ್ಯಾಸಕರಲ್ಲಿ ಕೇಳಿಕೊಂಡಿದ್ದೇನೆ. ವೀಕ್ಷಣಾ ನಮೂನೆಯ ಬಗ್ಗೆಯೂ ಒಂದು ಮಾತು. ‘ಎಲ್ಲ ಮಕ್ಕಳ ಭಾಗವಹಿಸುವಿಕೆ’ಗೆ ಅಂಕವಿದೆ, ಭಾಗವಹಿಸದ ಮಗುವನ್ನು ಯಾಕೆಂದು ಕೇಳಿದ್ದಕ್ಕೂ ಅಂಕವಿರಲಿ.

ಆ ದಿನ ಆ ಹುಡುಗಿ ನನಗೆ ವಿಧೇಯಳಾಗಿದ್ದಳು. ಅದಕ್ಕೇ ಅವಳ ಜೀವಕ್ಕೆ ಬಂತು. ಬಿ.ಇಡಿ. ಸೇರಿದಾಗ, ಮಕ್ಕಳು ನನ್ನ ಮಾತು ಕೇಳಬೇಕು ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು. ಈಗ, ಮಿಸ್ ಹೇಳಿದರೂ ‘ಬೇಡ’ ಅನ್ನುವ ಧೈರ್ಯ ನನ್ನ ತರಗತಿಯ ಮಗುವಿಗೆ ಇರಲಿ ಅನ್ನಿಸುತ್ತದೆ. ಇಂಟರ್ನ್‌ಶಿಪ್ಪಿನ ಕೊನೆಯ ದಿನ ಅವಳು ಬಂದು, ‘ಮಿಸ್, ನೀವು ಮತ್ತೆ ಬರ್ತೀರಾ?’ ಎಂದು ಕೇಳಿದಳು. ಬರುತ್ತೇನೆ ಅಂದೆ. ‘ಬರುವಾಗ ಏನು ತರಲಿ?’ ಎಂದೆ. ಅವಳು ನಕ್ಕು, ‘ಏನ್ ತಂದ್ರೂ ಪೊಟ್ಟಣ ಓದ್ಕೊಂಡು ತನ್ನಿ ಮಿಸ್’ ಅಂದಳು.